ಸದಸ್ಯೆ ಸಹಮತ ಸೂಚಿಸಿದರು

ಅಪ್ಪನ ಶವದ ಮುಂದೆ ಕುಳಿತ ಮಹಾನಂದಾಳಿಗೆ ಅಳು ಬರಲಿಲ್ಲ.

ಅಣ್ಣಿಗೇರಿಯ ಮನೆಯ ಪಡಸಾಲೆಯಲ್ಲಿ ಗುರುಪಾದಪ್ಪನವರನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದ್ದರು. ಒಂದು ಮೂಲೆಯಲ್ಲಿ ಭಜನೆ ನಡೆದಿತ್ತು. ಅಕ್ಕ, ಅತ್ತಿಗೆಯರು, ನೆರೆಮನೆಯ ಹೆಂಗಸರು ಕೂಡ ದನಿ ಎತ್ತಿ ಅಳುತ್ತಿದ್ದರು. ಅವಳನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಅಪ್ಪ. ಅವಳ ತಲೆ ಮೊದಲ ಸಲ ಕೆಟ್ಟಾಗ, ಊರೆಲ್ಲ ದೆವ್ವ ಬಡಿದಿದೆ ಅಂದಾಗ, “ಇದು ಜಡ್ಡು, ಇದಕ್ಕ ಔಷಧ ಐತಿ” ಎಂದು ಬಸ್ಸು ಹತ್ತಿಸಿ ಹುಬ್ಬಳ್ಳಿಯ ಡಾಕ್ಟರರ ಮುಂದೆ ಕೂಡಿಸಿದ ಅಪ್ಪ. ಬೆಳಿಗ್ಗೆ ಸುದ್ದಿ ಕೇಳಿದಾಗ ಅವಳ ಎದೆಯೊಳಗಿಂದ ಏನೋ ಎದ್ದು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಎಡಗಡೆಯ ಕೊರಳೆಲುಬಿನ ಕೆಳಗೆ ಚುರುಕ್ ಎಂದಿತು. ಕೆಲವೇ ನಿಮಿಷ. ಎದ್ದು ಬಂದದ್ದು ಎಲ್ಲಿಗೆ ಹೋಯಿತೋ ಹೋಯಿತು. ದಾರಿಯಲ್ಲಿ ಇನ್ನೊಮ್ಮೆ ಚುರುಕ್, ಮನೆಯ ಹೊಸ್ತಿಲಲ್ಲಿ ಮತ್ತೊಮ್ಮೆ. ಈಗ ಅವಳು ಹಾರದಲ್ಲಿನ ಚೆಂಡುಹೂಗಳನ್ನು ನೋಡುತ್ತ ಕುಳಿತಿದ್ದಳು. ಯಾರದೋ ಅಪ್ಪ ಸತ್ತಂತಿತ್ತು.

“ಕಲ್ಲಿನಂಥಾಕಿ ಆಗ್ಯಾಳ ನೋಡ” ಎಂದು ಹಿಂದೆ ಯಾರೋ ಅಂದರು. ಮಹಾನಂದಾಳಿಗೆ ಕೇಳಿಸಿತು. ಅದಕ್ಕೂ ಅವಳಿಗೆ ಏನೂ ಅನ್ನಿಸಲಿಲ್ಲ.

ಆ ಚುರುಕ್ ಎಂದದ್ದರ ಹೆಸರು ಸ್ಥಿರಾ. ಅವರೆಕಾಳಿನಷ್ಟು ಗಾತ್ರದ ಯಂತ್ರ. ಚರ್ಮದ ಕೆಳಗೆ ಕೂಡಿಸಿದರೆ ಅದರ ಕೂದಲೆಳೆಯಂಥ ತಂತು ರಕ್ತದೊಳಗಿನ ರಸಗಳನ್ನು ಅಳೆಯುತ್ತಿತ್ತು, ಎದೆಬಡಿತ ಎಣಿಸುತ್ತಿತ್ತು, ಮಾತಿನ ವೇಗವನ್ನೂ ಏರುದನಿಯನ್ನೂ ಗಮನಿಸುತ್ತಿತ್ತು. ಎಲ್ಲವನ್ನೂ ಕೂಡಿಸಿ ಒಂದು ಗೆರೆ ಎಳೆಯುತ್ತಿತ್ತು. ಗೆರೆ ಮಿತಿ ಮೀರಿ ಏರಿದರೂ ಸರಿ, ಇಳಿದರೂ ಸರಿ, ತನ್ನ ಹೊಟ್ಟೆಯೊಳಗಿನ ಔಷಧವನ್ನು ತೊಟ್ಟು ಬಿಟ್ಟು ಅದನ್ನು ನಡುವಿಗೆ ತರುತ್ತಿತ್ತು. ಹುಬ್ಬಳ್ಳಿಯ ಸಮಚಿತ್ತ ಸಂಸ್ಥೆಯ ನಿಯಂತ್ರಣ ಕೊಠಡಿಯಲ್ಲಿ ಇಂಥ ನಾಲ್ಕು ಸಾವಿರ ಗೆರೆಗಳು ಹಗಲೂ ರಾತ್ರಿ ಓಡುತ್ತಿದ್ದವು. ತಿಂಗಳಿಗೊಮ್ಮೆ ಹೋಗಿ ಔಷಧ ತುಂಬಿಸಿಕೊಂಡು ಬಂದರೆ ಮುಗಿಯಿತು.

ಇದನ್ನು ಯಾರೂ ಅವಳ ಮೈಯೊಳಗೆ ಬಲವಂತದಿಂದ ತುರುಕಿರಲಿಲ್ಲ. ಮಹಾನಂದಾ ತಾನೇ ಕೇಳಿ ಹಾಕಿಸಿಕೊಂಡವಳು. ಅವಳದು ಏರಿಳಿತದ ಕಾಯಿಲೆ. ಏರಿದಾಗ ವಾರಗಟ್ಟಲೆ ನಿದ್ದೆಯಿಲ್ಲ, ಬಾಯಿ ನಿಲ್ಲುವುದಿಲ್ಲ. ಇಳಿದಾಗ ಹಾಸಿಗೆಯಿಂದ ಏಳಲಾಗುವುದಿಲ್ಲ. ಅವಳು ಜಿಲ್ಲಾ ನ್ಯಾಯಾಲಯದಲ್ಲಿ ಸ್ಟೆನೋ. ಒಂದು ಸಲ ಏರಿದ ಭರದಲ್ಲಿ, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು, ಜಡ್ಜರು ಬಾಯಿ ತೆರೆಯುವ ಮೊದಲೇ ತಾನೇ ತೀರ್ಪು ಹೇಳಿಬಿಟ್ಟಿದ್ದಳು. ಆ ನಾಚಿಕೆ ಇನ್ನೂ ಹೋಗಿರಲಿಲ್ಲ. ಗುಳಿಗೆ ಮರೆಯುವ ಭಯವಿಲ್ಲ ಎಂದು ಎರಡು ವರ್ಷದ ಹಿಂದೆ ಸಂತೋಷದಿಂದಲೇ ಸಹಿ ಮಾಡಿದ್ದಳು.

ಮೊದಲ ಆರೇಳು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಬೆರಳು ಜಡವಾಯಿತು. ನಿಮಿಷಕ್ಕೆ ನೂರಿಪ್ಪತ್ತು ಶಬ್ದ ಬರೆದುಕೊಳ್ಳುತ್ತಿದ್ದ ಕೈ ಐವತ್ತಕ್ಕೆ ಬಂತು. ಕೋರ್ಟಿನವರು ಅವಳನ್ನು ದಾಖಲೆ ಕೋಣೆಗೆ ಹಾಕಿದರು. ಹಾಡು ಕೇಳಿದರೆ ಸದ್ದು ಕೇಳಿದಂತೆ. ಮಗಳು ಹಾಸ್ಟೆಲಿನಿಂದ ಬಂದು ತಬ್ಬಿಕೊಂಡರೆ ಯಾರೋ ಮೈಮೇಲೆ ಕೌದಿ ಹೊದಿಸಿದಂತೆ. ಸಂಸ್ಥೆಯ ಡಾಕ್ಟರರಿಗೆ ಇದನ್ನೆಲ್ಲ ಹೇಳಿದಳು. ಅವರು ಅವಳ ಮುಖ ನೋಡಲಿಲ್ಲ, ಪರದೆ ನೋಡಿದರು. “ನಿಮ್ಮ ಗೆರೆ ಎಷ್ಟು ಚಲೋ ಐತಿ ನೋಡ್ರಿ” ಅಂದರು.

ಅಪ್ಪನ ಮಣ್ಣಾದ ಹದಿನೈದನೆಯ ದಿನವೂ ಅದೇ ಮಾತು. “ನನಗ ಅಳಾಕ ಆಗ್ಲಿಲ್ರಿ” ಎಂದಳು ಮಹಾನಂದಾ. ಡಾಕ್ಟರು ಆ ದಿನದ ಗೆರೆ ತೆಗೆದು ನೋಡಿದರು. “ಅವತ್ತು ನೀವು ಭಾಳ ಚಂದ ನಿಭಾಯಿಸೀರಿ.”

ಅದೇ ವಾರ ನಿರ್ದೇಶಕರಾದ ಡಾ. ಮೃತ್ಯುಂಜಯ ಹಲಗತ್ತಿಯವರಿಂದ ಪತ್ರ ಬಂತು. ಸಂಸ್ಥೆಯ ಆಡಳಿತ ಸಮಿತಿಯಲ್ಲಿ ರೋಗಿಗಳ ಪೈಕಿ ಒಬ್ಬರಿರಬೇಕೆಂದು ಹೊಸ ಕಾಯ್ದೆ ಹೇಳುತ್ತಿತ್ತು. ಮಹಾನಂದಾ ಓದಿದವಳು, ಕೋರ್ಟಿನವಳು, ಮೇಲಾಗಿ ನಾಲ್ಕು ಸಾವಿರ ಜನರಲ್ಲಿ ಅತ್ಯಂತ ನೆಟ್ಟಗಿನ ಗೆರೆ ಅವಳದು. ಅವಳನ್ನು ಸಹಭಾಗಿ ಸದಸ್ಯೆ ಎಂದು ನೇಮಿಸಿದ್ದರು.

ಮೊದಲ ಸಭೆಯಲ್ಲಿ ಅವಳಿಗೆ ಮೇಜಿನ ಕೊನೆಯ ಕುರ್ಚಿ, ಒಂದು ಹೆಸರಿನ ಫಲಕ, ಉಪ್ಪಿಟ್ಟು, ಚಹಾ ಸಿಕ್ಕವು. ಫೋಟೋ ತೆಗೆದರು. ಯಾರೂ ಏನನ್ನೂ ಕೇಳಲಿಲ್ಲ. ಎರಡನೆಯ ಸಭೆಯಲ್ಲಿ ಅವಳೇ ಕೇಳಿದಳು.

“ನಡುವಿನ ಗೆರಿ ಅಂತೀರಲ್ರಿ, ಅದನ್ನ ಹಾಕ್ದವ್ರು ಯಾರು? ಎಷ್ಟು ಸಿಟ್ಟು ಬಂದ್ರ ಸಾಕು, ಎಷ್ಟು ಅತ್ರ ಹೆಚ್ಚು ಅಂತ ಹೆಂಗ ಗೊತ್ತಾತು?”

ಹಲಗತ್ತಿಯವರು ಪ್ರೀತಿಯಿಂದ ನಕ್ಕರು. “ಯಂತ್ರ ತಾನೇ ಕಲಿತೈತ್ರೀ ತಾಯಿ. ಬೇಕಂದ್ರ ನಿಯಂತ್ರಣ ಕೊಠಡಿ ನೋಡಿ ಬರ್ರಿ.”

ಅವಳು ನಿಜವಾಗಿಯೂ ಹೋಗುತ್ತಾಳೆಂದು ಅವರು ಎಣಿಸಿರಲಿಕ್ಕಿಲ್ಲ.

ಕೊಠಡಿ ಎರಡನೆಯ ಮಹಡಿಯಲ್ಲಿತ್ತು. ಒಂದು ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಗೆರೆಗಳು. ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಫರ್ಜಾನಾ ಮೂವತ್ತರ ಹುಡುಗಿ. ಮುಚ್ಚಿಡುವ ಬುದ್ಧಿ ಅವಳಿಗಿರಲಿಲ್ಲ. ಸಮಿತಿಯ ಸದಸ್ಯೆ ಕೇಳಿದ್ದಕ್ಕೆ ಉತ್ತರಿಸುವುದು ತನ್ನ ಕೆಲಸವೆಂದೇ ತಿಳಿದಿದ್ದಳು.

“ಯಂತ್ರಕ್ಕ ಯಾರರೆ ತೋರಿಸಿಕೊಡಬೇಕಲ್ರೀ ಅಕ್ಕಾರ, ಯಾವುದು ಸರಿ, ಯಾವುದು ತಪ್ಪು ಅಂತ” ಎಂದಳು. “ನಿಮ್ಮನಿಯವ್ರ ಫೋನಿನ್ಯಾಗ ಎರಡು ಗುಂಡಿ ಇರ್ತಾವ. ಇವತ್ತು ತ್ರಾಸ ಇರ್ಲಿಲ್ಲ ಅಂದ್ರ ಹಸಿರು. ತ್ರಾಸ ಆತು ಅಂದ್ರ ಕೆಂಪು. ಕೆಂಪು ಒತ್ತಿದ ಕೂಡ್ಲೆ ಒಂದು ಡೋಸ್ ಹೋಗ್ತದ, ಮತ್ತ ಹಂಗ ಆಗ್ದಂಗ ಮಿತಿನೂ ಸಣ್ಣದಾಗ್ತದ. ದಿನಾ ಅದನ್ನ ನೋಡಿ ನೋಡಿ ಕಲೀತದ.”

“ತ್ರಾಸ ಅಂದ್ರ ನನಗೋ, ಅವರಿಗೋ?”

ಫರ್ಜಾನಾ ಪರದೆಯ ಕಡೆ ತಿರುಗಿ ನೋಡಿದಳು. ಮೂರು ವರ್ಷ ಆ ಕುರ್ಚಿಯಲ್ಲಿ ಕುಳಿತರೂ ಅವಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. “ಅವರಿಗೆ” ಎಂದಳು ಮೆಲ್ಲಗೆ.

“ನನಗ ಒಂದು ಗುಂಡಿ ಎಲ್ಲೈತಿ?”

“ಇಲ್ರಿ.”

ಮಹಾನಂದಾ ಅಪ್ಪ ಸತ್ತ ದಿನದ ದಾಖಲೆ ಕೇಳಿದಳು. ಫರ್ಜಾನಾ ತೆಗೆದು ತೋರಿಸಿದಳು. ಬೆಳಿಗ್ಗೆ ಆರೂಮುಕ್ಕಾಲು, ಮನೆಯವರ ಗುಂಡಿ: ಕೆಂಪು. ಎಂಟೂ ಹತ್ತು: ಕೆಂಪು. ಒಂಬತ್ತೂವರೆ: ಕೆಂಪು.

ಎರಡು ವರ್ಷಗಳಲ್ಲಿ ಎಂದೂ ಇಲ್ಲದಷ್ಟು ಅವಳ ಕಿವಿಯ ಹಿಂದೆ ರಕ್ತ ಬಿಸಿಯಾಯಿತು. ಮತ್ತೆ ಚುರುಕ್. ಗೋಡೆಯ ಮೇಲೆ ಒಂದು ಗೆರೆ ಚಿಮ್ಮಿ ಕೆಂಪಾಗಿದ್ದು, ಇಬ್ಬರ ಕಣ್ಣೆದುರೇ ಬಾಗಿ ಹಸಿರಿಗೆ ತಿರುಗಿತು. “ಅದು ನಂದೇನ?” ಎಂದು ಕೇಳಿದಳು ಮಹಾನಂದಾ, ಆಗಲೇ ಭಾರವಾಗುತ್ತಿದ್ದ ನಾಲಿಗೆಯಿಂದ. ಫರ್ಜಾನಾ ಹೌದೆಂದು ತಲೆಯಾಡಿಸಿದಳು.

ಅಂದು ಸಂಜೆ ಊಟದ ತಟ್ಟೆಯ ಮುಂದೆ ಅವಳು ಗಂಡನನ್ನು ಕೇಳಿದಳು. ಚನ್ನವೀರ ಫಿಟ್ಟರ್ ಕೆಲಸದವನು, ಸಾಧು ಮನುಷ್ಯ. ಅವಳು ಏರಿದ ದಿನಗಳಲ್ಲಿ ಸಂತೆಯಲ್ಲೆಲ್ಲ ಹುಡುಕಿ ಕೈಹಿಡಿದು ಕರೆತಂದವನು, ಇಳಿದ ದಿನಗಳಲ್ಲಿ ತುತ್ತು ಮಾಡಿ ಉಣಿಸಿದವನು. ಅದನ್ನೆಲ್ಲ ಅವಳು ಮರೆತಿರಲಿಲ್ಲ.

“ಅಪ್ಪ ಸತ್ತ ದಿವಸ ಮೂರು ಸಲ ಕೆಂಪು ಒತ್ತೀರಿ.”

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ನೀ ತಡಕೊಳ್ಳಾಕಿಲ್ಲ ಅಂತ ಹೆದರಿದೆ, ಮಹಾನಂದಾ. ಬೆಳಿಗ್ಗೆ ನಿನಗ ಅಳು ಉಕ್ಕಿದ್ದು ನೋಡಿ ಒತ್ತಿಬಿಟ್ಟೆ. ಅಲ್ಲಿ ಮಂದ್ಯಾಗ ಮತ್ತೇನರೆ ಆದ್ರ?”

“ನಮ್ಮಪ್ಪ ಸತ್ತಿದ್ರು. ನಾ ಅಳಬೇಕಾಗಿತ್ತು.”

“ಒತ್ತರಿ ಅಂತ ಸಂಸ್ಥೆಯವ್ರ ಹೇಳ್ಯಾರಲ್ಲ.”

“ನನ್ನ ತಂಗಿ ಜೋಡಿ ನಾ ಜೋರಾಗಿ ನಕ್ಕಿದ್ದಕ್ಕೂ ಒತ್ತೀರಿ. ಹ್ವಾದ ತಿಂಗಳು ಸಾರಿಗೆ ಉಪ್ಪು ಜಾಸ್ತಿ ಆತು ಅಂದಿದ್ದಕ್ಕ ನಾ ಎದುರು ಮಾತಾಡಿದೆ, ಅದಕ್ಕೂ ಒತ್ತೀರಿ. ತಾರೀಖು ಸಹಿತ ನೋಡಿ ಬಂದೀನಿ. ನಾ ನಿಮ್ಮ ಹೇಣ್ತಿ ಏನ, ನಿಮ್ಮ ಮನ್ಯಾನ ಫ್ಯಾನ್ ಏನ…”

ಚುರುಕ್. ಗುಂಡಿ ಯಾರೂ ಮುಟ್ಟಿರಲಿಲ್ಲ. ಯಂತ್ರ ಅಷ್ಟರಲ್ಲಿ ತಾನಾಗಿಯೇ ಕಲಿತುಬಿಟ್ಟಿತ್ತು. ಅವಳು ಮಾತು ಮುಂದುವರಿಸಿದಳು, ಆದರೆ ದನಿಯಿಂದ ಸಿಟ್ಟು ಸೋರಿಹೋಯಿತು. ಕೊನೆಯ ಮಾತುಗಳನ್ನು ಕಿರಾಣಿ ಸಾಮಾನಿನ ಯಾದಿ ಓದಿದಂತೆ ಓದಿ ಮುಗಿಸಿದಳು. ಚನ್ನವೀರ ಅವಳ ಮುಖ ನೋಡಿ ತಟ್ಟೆ ಸರಿಸಿ ಎದ್ದುಹೋದ. ಮರುದಿನ ಸಂಜೆ ಅವನು ಹಸಿರು ಒತ್ತಿದ. ಇನ್ನೇನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯ ಸಭೆಯಲ್ಲಿ ಸ್ಥಿರಾವನ್ನು ಇನ್ನೂ ಐದು ಜಿಲ್ಲೆಗಳಿಗೆ ಒಯ್ಯುವ ಯೋಜನೆ ಬಂತು. ಮಹಾನಂದಾ ಎದ್ದು ನಿಂತಳು. ಗುಂಡಿಯ ವಿಷಯ ಹೇಳಿದಳು, ಅಪ್ಪನ ವಿಷಯ ಹೇಳಿದಳು, “ಇದಕ್ಕ ನನ್ನ ಒಪ್ಪಿಗಿ ಇಲ್ಲ, ಯಾಕಂದ್ರ” ಎನ್ನುವಷ್ಟರಲ್ಲಿ ಔಷಧ ಇಳಿಯಿತು. ಯಾಕೆಂದರೆ ಏನು ಎಂಬುದು ನೆನಪಿತ್ತು, ಹೇಳುವ ಹುರುಪು ಉಳಿದಿರಲಿಲ್ಲ. ಕುಳಿತಳು. ಹಲಗತ್ತಿಯವರು “ಏನರೆ ಹೇಳೂದು ಐತೇನ್ರಿ ಇನ್ನ?” ಎಂದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

ವಾರದ ನಂತರ ಸಭೆಯ ನಡಾವಳಿಯ ಪ್ರತಿ ಮನೆಗೆ ಬಂತು. ಐದು ಜಿಲ್ಲೆಯ ಯೋಜನೆಯ ಠರಾವಿನ ಕೆಳಗೆ ಹೀಗಿತ್ತು: ಚರ್ಚೆಯ ನಂತರ ಸಹಭಾಗಿ ಸದಸ್ಯೆ ಸಹಮತ ಸೂಚಿಸಿದರು.

ಹದಿನಾರು ವರ್ಷ ಮಂದಿ ಆಡಿದ್ದನ್ನು ಆಡಿದಂತೆಯೇ ಬರೆದುಕೊಂಡು ಬಂದವಳು ಅವಳು. ಕೊಲೆಗಾರನ ಮಾತಾದರೂ ಒಂದಕ್ಷರ ಬದಲಿಸಿದವಳಲ್ಲ. ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿದಳು. ಚುರುಕ್ ಎಂದಾಗ ಕಾಗದ ಕೆಳಗಿಟ್ಟು, ಮಂಕು ಇಳಿಯುವವರೆಗೆ ಕಾದು, ಮತ್ತೆ ಓದಿದಳು. ಸಿಟ್ಟು ಹೋದ ಮೇಲೂ ಸಿಟ್ಟಿನ ಕಾರಣ ಉಳಿಯುತ್ತದೆ ಎಂಬುದು ಅವಳಿಗೆ ಅಂದು ಗೊತ್ತಾಯಿತು. ಯಂತ್ರಕ್ಕೆ ಅದು ಗೊತ್ತಿರಲಿಲ್ಲ.

ಔಷಧ ತುಂಬುವ ದಿನ ಸಂಸ್ಥೆಯ ಪಡಸಾಲೆಯಲ್ಲಿ ನೂರಾರು ಜನ ಸಾಲು ಹಚ್ಚಿ ಕುಳಿತಿರುತ್ತಿದ್ದರು. ಯಾರ ಮುಖದಲ್ಲೂ ಏನೂ ಇರುತ್ತಿರಲಿಲ್ಲ. ಮಹಾನಂದಾ ಒಂದು ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಪಕ್ಕದಲ್ಲಿ ಕುಳಿತಳು. ಕೈ ನಿಧಾನವಾಗಿತ್ತು, ಅವರ ಮಾತೂ ನಿಧಾನವಾಗಿತ್ತು, ಬರೆದುಕೊಳ್ಳಲು ಸರಿಹೋಯಿತು. ಚಿತ್ರಕಲೆ ಕಲಿಸುತ್ತಿದ್ದ ಪ್ರಲ್ಹಾದ ಮಾಸ್ತರರು ಒಂದೂವರೆ ವರ್ಷದಿಂದ ಕುಂಚ ಹಿಡಿದಿರಲಿಲ್ಲ. ಆಟೋ ರಿಪೇರಿಯ ದಾದಾಪೀರನ ಅಣ್ಣ, ತಮ್ಮನದು ಗಿರಾಕಿಗಳ ಜೊತೆ ಮಾತು ಹೆಚ್ಚಾಯಿತೆಂದು ದಿನಕ್ಕೊಮ್ಮೆ ಕೆಂಪು ಒತ್ತುತ್ತಿದ್ದ. ಸುಮಂಗಲಾ ಎಂಬ ಇಪ್ಪತ್ತೆರಡರ ಹುಡುಗಿ ತನಗೆ ಬೇಡದ ಗಂಡಿನ ಮುಂದೆ ನಗುತ್ತ ಕುಳಿತು ಹೂ ಮುಡಿಸಿಕೊಂಡಿದ್ದಳು. “ಬ್ಯಾಡ ಅನಸ್ತಿತ್ರಿ” ಎಂದಳು ಆ ಹುಡುಗಿ, “ಆಮ್ಯಾಲ ಅನಸಲಿಲ್ಲ.”

ಐದು ಜಿಲ್ಲೆಯ ಯೋಜನೆಗೆ ಸರಕಾರದ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕಿತ್ತು. ಮಂಡಳಿಯ ವಿಚಾರಣೆಯಲ್ಲಿ ಸಹಭಾಗಿ ಸದಸ್ಯೆ ಹೇಳಿಕೆ ಓದಬೇಕೆಂದು ಕಾಯ್ದೆಯಲ್ಲೇ ಇತ್ತು. ಸಂಸ್ಥೆ ಅರ್ಧ ಪುಟದ ಹೇಳಿಕೆಯೊಂದನ್ನು ಬರೆದೂ ಕಳಿಸಿತ್ತು. ಮಹಾನಂದಾ ತನ್ನ ನೋಟ್‌ಬುಕ್ಕಿನಿಂದ ಹನ್ನೊಂದು ಪುಟದ ಬೇರೆ ಹೇಳಿಕೆ ಬರೆದಳು. ಬರೆದು, ಪಡಸಾಲೆಯ ಬೆಂಚಿನ ಮೇಲೆ ಮೂವರಿಗೂ ತೋರಿಸಿ ಹೇಳಿದಳು: “ಬರದದ್ದೇನೋ ಆತು. ಔಷಧ ಇಳಿಯೂತನಕ ಓದಾಕ ನನಗ ಸಿಗೂದು ನಾಕು ನಿಮಿಷ. ಎರಡನೇ ಪುಟಕ್ಕ ನನ್ನ ದನಿ ಹೋಗ್ತೈತಿ.”

ದಾದಾಪೀರ ಎಣ್ಣೆಯ ಕರಿ ಹತ್ತಿದ ಬೆರಳುಗಳನ್ನು ಮಡಚಿ ಎಣಿಸಿದ. “ನಾಕು ನಿಮಿಷ ನಿಮಗ. ಆಮ್ಯಾಲಿನ ನಾಕು ನನಗ. ಮಾಸ್ತರಿಗೆ ನಾಕು. ಆರು ಮಂದಿ ಆದ್ರ ಇಪ್ಪತ್ನಾಕು ನಿಮಿಷ ಆತಲ್ರಿ” ಎಂದ.

ವಿಚಾರಣೆಯನ್ನು ಡಾ. ಹಲಗತ್ತಿಯವರು ನಿಯಂತ್ರಣ ಕೊಠಡಿಯಲ್ಲೇ ಇಟ್ಟುಕೊಂಡಿದ್ದರು. ನಾಲ್ಕು ಸಾವಿರ ಹಸಿರು ಗೆರೆಗಳ ಗೋಡೆಯನ್ನು ಮಂಡಳಿಗೆ ತೋರಿಸುವ ಹೆಮ್ಮೆ ಅವರಿಗಿತ್ತು. ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ ಕಮಲಾಕ್ಷಿ ಹೊಸಮನಿ, ಕನ್ನಡಕದ ಮೇಲಿಂದ ನೋಡುವ ಬಿಗಿ ಮುಖದ ಹೆಂಗಸು. ಮಹಾನಂದಾಳ ಜೊತೆ ಇನ್ನೂ ಐವರು ಬಂದು ಹಿಂದಿನ ಸಾಲಿನಲ್ಲಿ ಕುಳಿತಾಗ ಹಲಗತ್ತಿಯವರಿಗೆ ಖುಷಿಯೇ ಆಯಿತು. “ನಮ್ಮ ರೋಗಿಗಳು” ಎಂದು ಪರಿಚಯಿಸಿದರು.

ಮಹಾನಂದಾ ಎದ್ದು ನಿಂತು ಓದತೊಡಗಿದಳು. “ನಾವು ಜಡ್ಡಿನ ಮಂದಿ ಹೌದು. ಔಷಧ ಬೇಡ ಎಂದು ಹೇಳಲು ಬಂದವರಲ್ಲ. ನಮ್ಮ ಔಷಧದ ಅಳತೆಗೋಲನ್ನು ನಮ್ಮನ್ನು ಬಿಟ್ಟು ಎಲ್ಲರ ಕೈಗೂ ಕೊಟ್ಟಿದ್ದೀರಿ. ನಮ್ಮ ನೋವು ನಿಮ್ಮ ಯಂತ್ರಕ್ಕೆ ಕಾಣುವುದಿಲ್ಲ, ನಮ್ಮಿಂದ ಪಕ್ಕದವರಿಗೆ ಆಗುವ ಕಿರಿಕಿರಿ ಮಾತ್ರ ಕಾಣುತ್ತದೆ…”

ಗೋಡೆಯ ಮೇಲೆ ಒಂದು ಗೆರೆ ಏರಿತು. ಕೆಂಪಾಯಿತು. ಅಧ್ಯಕ್ಷೆ ತಲೆಯೆತ್ತಿ ನೋಡಿದರು. ಎರಡನೆಯ ಪುಟದ ನಡುವೆ, ಅಪ್ಪನ ಹೆಸರು ಬಂದ ಕಡೆ, ಚುರುಕ್ ಎಂದಿತು. ಮಹಾನಂದಾ ಓದುತ್ತಲೇ ಇದ್ದಳು, ಶಬ್ದಗಳು ತೊದಲತೊಡಗಿದವು, ಕಣ್ಣೆವೆ ಭಾರವಾಯಿತು. ಗೋಡೆಯ ಗೆರೆ ಬಾಗಿ ಹಸಿರಾಯಿತು. ಅವಳು ಸಾಲಿನ ಮೇಲೆ ಬೆರಳಿಟ್ಟು ಹಿಂದಕ್ಕೆ ತಿರುಗಿದಳು. ದಾದಾಪೀರ ಎದ್ದು ಬಂದು, ಆ ಬೆರಳಿದ್ದ ಕಡೆಯಿಂದಲೇ ಮುಂದಕ್ಕೆ ಓದಿದ.

ಆಗ ಹಲಗತ್ತಿಯವರ ಮುಖ ಬದಲಾಯಿತು. “ಮೇಡಂ, ಇದು ಕಾಯಿಲೆಯ ಲಕ್ಷಣ. ಇವರನ್ನು ಯಾರೋ ಉದ್ರೇಕಿಸಿದ್ದಾರೆ. ಇವರ ಆರೋಗ್ಯದ ದೃಷ್ಟಿಯಿಂದ ನಿಲ್ಲಿಸುವುದು ಒಳ್ಳೆಯದು.”

“ಅವರು ಓದಲಿ” ಎಂದರು ಅಧ್ಯಕ್ಷೆ.

ದಾದಾಪೀರನ ಗೆರೆ ಏರಿ, ಕೆಂಪಾಗಿ, ಮಡಚಿ ಬಿತ್ತು. ಅವನು ಕಾಗದ ಮಾಸ್ತರರ ಕೈಗಿತ್ತು ಅಲ್ಲೇ ನೆಲದ ಮೇಲೆ ಕುಳಿತ. ಪ್ರಲ್ಹಾದ ಮಾಸ್ತರರು ಮೂರೇ ನಿಮಿಷ ತಡೆದರು. ಸುಮಂಗಲಾ ತಾನು ಹೂ ಮುಡಿಸಿಕೊಂಡ ದಿನದ ಪುಟವನ್ನು ತಾನೇ ಓದಿದಳು; ಅವಳ ದನಿ ಕೊಠಡಿಯ ಆಚೆಗೂ ಕೇಳಿಸಿತು. ಹಲಗತ್ತಿಯವರು ಎದ್ದು ಫರ್ಜಾನಾಳ ಬಳಿಗೆ ಬಂದು, “ಆರೂ ಮಂದೀದು ಡೋಸ್ ಏರಸು. ಈಗಿಂದೀಗ” ಎಂದರು. ಮೆಲ್ಲಗೆ ಅಂದಿದ್ದರು, ಆದರೆ ಆ ಹೊತ್ತಿಗೆ ಸುಮಂಗಲಾ ಉಸಿರೆಳೆದುಕೊಳ್ಳಲು ನಿಂತಿದ್ದಳು. ಎಲ್ಲರಿಗೂ ಕೇಳಿಸಿತು.

ಫರ್ಜಾನಾ ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. “ಇವ್ರನ್ನ ಕೇಳಿ ಏರಸ್ತೀನ್ರಿ ಸರ್” ಎಂದಳು.

ಸುಮಂಗಲಾ ತೊದಲಿ ನಿಂತಾಗ ಐದನೆಯವರು ಎದ್ದರು, ಅವರ ನಂತರ ಆರನೆಯವರು. ಹನ್ನೊಂದನೆಯ ಪುಟದ ಕೊನೆಯ ಸಾಲು ಮುಗಿದಾಗ ಐವರು ನೆಲದ ಮೇಲೆ, ಕುರ್ಚಿಗಳಲ್ಲಿ ಮಂಕಾಗಿ ಕುಳಿತಿದ್ದರು. ಆರನೆಯವರು ಗೋಡೆ ಹಿಡಿದು ನಿಂತಿದ್ದರು. ಮೇಲೆ ಆರೂ ಗೆರೆಗಳು ನೆಟ್ಟಗೆ, ಹಸಿರಾಗಿ, ಸುಂದರವಾಗಿ ಓಡುತ್ತಿದ್ದವು. ಕಮಲಾಕ್ಷಿ ಹೊಸಮನಿಯವರು ಒಮ್ಮೆ ಗೋಡೆಯನ್ನೂ ಒಮ್ಮೆ ಆ ಮುಖಗಳನ್ನೂ ನೋಡಿದರು. “ಇದನ್ನೇನು ಡಾಕ್ಟರೇ ನೀವು ಗುಣವಾಗುವುದು ಅಂತ ಕರೆಯುವುದು?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಬರೆಯತೊಡಗಿದರು.

ಮನೆಯವರ ಗುಂಡಿ ಅಂದೇ ನಿಂತಿತು. ಐದು ಜಿಲ್ಲೆಯ ಯೋಜನೆ ತಡೆಯಾಯಿತು. ಮೂರು ತಿಂಗಳೊಳಗೆ ನಾಲ್ಕು ಸಾವಿರ ಜನರಲ್ಲಿ ಪ್ರತಿಯೊಬ್ಬರನ್ನೂ ಡಾಕ್ಟರು ಎದುರಿಗೆ ಕೂಡಿಸಿಕೊಂಡು, ಯಂತ್ರ ಬೇಕೋ ಬೇಡವೋ, ಬೇಕಾದರೆ ಯಾವಾಗ, ಎಷ್ಟು ಎಂದು ಕೇಳಿ ಬರೆಸಬೇಕೆಂದು ಆದೇಶವಾಯಿತು. ನಡಾವಳಿಯ ಆ ಸಾಲನ್ನು ಹೊಡೆದುಹಾಕಿದರು. ಹಲಗತ್ತಿಯವರಿಗೆ ಏನೂ ಆಗಲಿಲ್ಲ; ಬೇರೊಂದು ಊರಿನ ದೊಡ್ಡ ಹುದ್ದೆಗೆ ಹೋದರು. ಆಮೇಲೆ, ಯಂತ್ರದ ಮಿತಿ ಬದಲಾದ ನಂತರ, ಅದನ್ನು ಪತ್ರಿಕೆಯಲ್ಲಿ ಓದಿದಾಗ ಮಹಾನಂದಾಳಿಗೆ ಬಂದ ಸಿಟ್ಟು ಒಂದು ವಾರ ಇಳಿಯಲಿಲ್ಲ.

ಪ್ರಲ್ಹಾದ ಮಾಸ್ತರರು ಯಂತ್ರ ತೆಗೆಸಿ ಹಾಕಿದರು. ಮಹಾನಂದಾ ತೆಗೆಸಲಿಲ್ಲ. ತನ್ನ ಕಾಯಿಲೆ ಎಂಥದ್ದೆಂದು ಅವಳಷ್ಟು ಬಲ್ಲವರಿರಲಿಲ್ಲ. ಹೊಸದಾಗಿ ಬಂದ ಡಾಕ್ಟರಮ್ಮನ ಎದುರು ಒಂದು ತಾಸು ಕುಳಿತು ತನ್ನ ಕೈಯಾರೆ ಬರೆದುಕೊಟ್ಟಳು: ಮೂರು ರಾತ್ರಿ ನಿದ್ದೆಯಿಲ್ಲದೆ ಮಾತು ಓಡತೊಡಗಿದರೆ ಔಷಧ ಕೊಡಿ, ಆಗ ನಾನು ಬೇಡವೆಂದು ಕೂಗಿದರೂ ಕೊಡಿ. ಎರಡು ದಿನ ಹಾಸಿಗೆಯಿಂದ ಏಳದಿದ್ದರೆ ನನ್ನ ಅಕ್ಕನಿಗೆ ಫೋನ್ ಮಾಡಿ. ಅತ್ತರೆ ಬೇಡ. ಸಿಟ್ಟು ಬಂದರೆ ಬೇಡ. ಡಾಕ್ಟರಮ್ಮ ಒಂದೆರಡು ಕಡೆ ಒಪ್ಪಲಿಲ್ಲ, ವಾದವಾಯಿತು, ಒಂದು ಕಡೆ ಮಹಾನಂದಾಳೇ ಸೋತಳು. ಆಮೇಲೆ ಇಬ್ಬರೂ ಸಹಿ ಮಾಡಿದರು. ಹೊಸ ಮಿತಿಗಳನ್ನು ಫರ್ಜಾನಾ ಅವಳ ಎದುರಲ್ಲೇ ಯಂತ್ರಕ್ಕೆ ಹಾಕಿದಳು.

ಮರುದಿನ ರವಿವಾರ. ಮಧ್ಯಾಹ್ನದ ಊಟವಾದ ಮೇಲೆ ಚನ್ನವೀರ ಅಂಗಿ ಹಾಕಿಕೊಂಡು ಹೊರಗೆ ಹೊರಟಿದ್ದ. ಮಹಾನಂದಾ ಕರೆದು ಕೂಡಿಸಿದಳು. ಎರಡು ವರ್ಷದ್ದನ್ನು ತಾರೀಖಿನ ಪ್ರಕಾರ ಹೇಳತೊಡಗಿದಳು. ದನಿ ಏರಿತು. ಪಕ್ಕದ ಮನೆಯವರು ಕಿಟಕಿಗೆ ಬಂದರು, ಅವಳು ನಿಲ್ಲಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಮತ್ತೆ ದನಿ ಏರಿತು. ಕೊರಳೆಲುಬಿನ ಕೆಳಗೆ ಏನೂ ಅಲುಗಲಿಲ್ಲ. ಚನ್ನವೀರ ಒಮ್ಮೆ ಅಭ್ಯಾಸದಿಂದ ಕಿಸೆಗೆ ಕೈ ಹಾಕಿ ಹಿಂದಕ್ಕೆ ತೆಗೆದ. ಮುಖ ಸಣ್ಣದಾಗಿತ್ತು. ಅರ್ಧ ತಾಸಾದ ಮೇಲೆ, “ತಪ್ಪಾತು ಮಹಾನಂದಾ” ಎಂದು ಎದ್ದು ನಿಂತ.

“ಕೂಡ್ರಿ” ಎಂದಳು ಅವಳು. “ನಂದಿನ್ನೂ ಮುಗಿದಿಲ್ಲ.”

ಅವನು ಕುಳಿತ.